ಕಂಬಳಿಯ ಮೇಲೆ ಚಪ್ಪಲಿ

ಪಾಂಡಪ್ಪ ತೀರಿಕೊಂಡ ಸುದ್ದಿ ಬಂದಾಗ ನಾನು ಮನೆಯಲ್ಲಿ ಬೀರಪ್ಪ ದೇವರ ಮುಂದೆ ಕೂತಿದ್ದೆ. ಹಚ್ಚಿದ ಊದುಬತ್ತಿ ಇನ್ನೂ ಅರ್ಧ ಉರಿದಿರಲಿಲ್ಲ. ಅಂಗಳದಲ್ಲಿ ಮೋಟಾರ್‌ಸೈಕಲ್ ನಿಂತ ಸಪ್ಪಳವಾಯಿತು. ಇಟ್ಟಿಗೆ ಭಟ್ಟಿಯ ಗಿರಮಲ್ಲಪ್ಪ ಬರಿಗಾಲಿನಲ್ಲಿ ಬಂದು ಹೊಸ್ತಿಲ ಹೊರಗೆ ಕೈಮುಗಿದು ನಿಂತ.

"ಪೂಜಿ ಮುಗಸ್ರಿ ಹವಾಲ್ದಾರ್ರ," ಎಂದ. "ಇನ್ನ ಅವಸರ ಮಾಡಿ ಏನೂ ಆಗೂದಿಲ್ಲ."

ದೇವರ ಮುಂದೆ ಕೂತವನನ್ನು ಕಂಡು ಕಾಲಿನದನ್ನು ದೂರವೇ ಬಿಟ್ಟು ಬಂದಿದ್ದಾನೆ, ಈ ಊರಲ್ಲಿ ಅಷ್ಟು ಮರ್ಯಾದೆ ಬಲ್ಲವನು ಇವನೊಬ್ಬನಾದರೂ ಉಳಿದಿದ್ದಾನೆ ಎಂದುಕೊಂಡು ನಾನು ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು ಎದ್ದೆ.

ಭಟ್ಟಿಗೆ ಹೋಗುತ್ತಿದ್ದವನು ರಸ್ತೆಯ ಮೇಲಿಂದಲೇ ಹಿನ್ನೀರಿನಲ್ಲಿ ಹೆಣ ತೇಲುತ್ತಿದ್ದುದನ್ನು ಕಂಡನಂತೆ. ಆಳುಗಳನ್ನು ಕೆಳಗೆ ಕಳಿಸಿ ಮೇಲೆತ್ತಿಸಿದನಂತೆ. ಪೊಲೀಸರಿಗೆ ಫೋನ್ ಮಾಡಿ ನೇರವಾಗಿ ನನ್ನಲ್ಲಿಗೆ ಬಂದನಂತೆ. ಪಾಂಡಪ್ಪ ತಾನಾಗಿಯೇ ಜೀವ ಕಳೆದುಕೊಂಡಿದ್ದಾನೆ ಎಂದ. ಅವನ ಹಿಂದೆ ಕೂತು ಹೊರಟೆ. ಬರಿಯ ಹಿಮ್ಮಡಿಯಿಂದಲೇ ಒದ್ದು ಗಾಡಿ ಚಾಲೂ ಮಾಡಿದ.

ಪಾಂಡಪ್ಪ ನನ್ನ ತಂಗಿ ಸಾತವ್ವನ ಗಂಡ. ಇನ್ನೂರು ಕುರಿಗಳ ಒಡೆಯ. ಮೂವತ್ತು ವರ್ಷ ನನ್ನೊಡನೆ ಒಂದೇ ತಾಟಿನಲ್ಲಿ ಉಂಡವನು. ಆ ದಿನ 2009ರ ಮೇ ತಿಂಗಳ ಕೊನೆಯ ಸೋಮವಾರ. ಅವನ ತಮ್ಮ ಹಾಲೇಶ ಹನ್ನೆರಡು ವರ್ಷ ಅರಬರ ದೇಶದಲ್ಲಿದ್ದು ಊರಿಗೆ ಮರಳಿ ಅಂದಿಗೆ ಒಂಬತ್ತು ದಿನವಾಗಿತ್ತು.

ಆಲಮಟ್ಟಿಯ ನೀರು ನಮ್ಮ ಹಳೆಯ ಊರನ್ನು ನುಂಗಿ ಏಳು ವರ್ಷ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಳೆಯ ಬೀರಪ್ಪನ ಗುಡಿಯ ಕಟ್ಟೆ ಹೊರಗೆ ಕಾಣುತ್ತದೆ. ಪಾಂಡಪ್ಪ ನಸುಕಿನಲ್ಲಿ ಹೋಗಿ ಅದಕ್ಕೆ ಒಂದು ಹಿಡಿ ಭಂಡಾರ ಹಾಕಿ ಬರುತ್ತಿದ್ದ. ಆ ಕಟ್ಟೆಯ ಪಕ್ಕದಲ್ಲೇ ಅವನನ್ನು ಮಲಗಿಸಿದ್ದರು.

ಗಿರಮಲ್ಲಪ್ಪ ರಸ್ತೆಯ ಮೇಲೆಯೇ ನಿಂತ. ದಂಡೆಯ ತುಂಬ ಜಾಲಿಮುಳ್ಳು. ಇಳಿಯಲು ತನ್ನಿಂದಾಗದು ಎಂದ. ದುಃಖವೆಂದು ತಿಳಿದೆ.

ಕಟ್ಟೆಯ ಹಿಂದೆ ಪಾಂಡಪ್ಪನ ಕರಿಯ ಕಂಬಳಿ ನಾಲ್ಕು ಮಡಿಕೆಯಾಗಿ ಇತ್ತು. ಅದರ ಮೇಲೆ ಒಂದು ಜೊತೆ ದಪ್ಪ ಅಟ್ಟೆಯ ಚಪ್ಪಲಿ. ಮುಧೋಳದ ಚಮ್ಮಾರರು ಹೊಲಿಯುವ ಇಂಥ ಚಪ್ಪಲಿ ಈ ಕಡೆ ಎಲ್ಲ ಗಂಡಸರ ಕಾಲಲ್ಲೂ ಇರುತ್ತದೆ.

ಹೊಸದಾಗಿ ಬಂದ ಪಿಎಸ್ಐಗೆ ಮೀಸೆ ಇನ್ನೂ ಸರಿಯಾಗಿ ಕೂಡಿರಲಿಲ್ಲ. ಬಿಟ್ಟ ಚಪ್ಪಲಿ, ಮಡಚಿದ ಕಂಬಳಿ, ಇನ್ನೇನು ಬೇಕು ಎಂದ. ಹಿಂದಲೆಯ ಗಾಯ ಕಟ್ಟೆಯ ಕಲ್ಲಿನದು ಎಂದ. ಹತ್ತು ನಿಮಿಷದಲ್ಲಿ ಪಂಚನಾಮೆ ಮುಗಿಸಿದ. ನನ್ನ ಮೂವತ್ತೊಂದು ವರ್ಷದ ಪೊಲೀಸ್ ನೌಕರಿಯಲ್ಲಿ ಕಳುವಾದ ಎಮ್ಮೆಗೂ ನಾನು ಇದಕ್ಕಿಂತ ಹೆಚ್ಚು ಹೊತ್ತು ಕೊಟ್ಟಿದ್ದೇನೆ. ಕಂಬಳಿಯನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿಯನ್ನು ಠಾಣೆಗೆ ಒಯ್ದ.

ಸಾತವ್ವ ಬಾಯಿ ಬಡಿದುಕೊಂಡು ಅಳಲಿಲ್ಲ. ನನ್ನ ಧೋತರದ ಚುಂಗು ಹಿಡಿದು ಒಂದೇ ಮಾತು ಹೇಳಿದಳು.

"ಯಣ್ಣಾ, ಅವರು ಸಾಯಾಕ ಹೋಗಿದ್ದಿಲ್ಲ. ತಾಯಿ ಸತ್ತ ಮರಿಗಿ ಹಾಲ ಕುಡಸಬೇಕು, ಲಗೂ ಬರತೀನಿ ಅಂದು ಹೋಗ್ಯಾರ. ನಾ ಮಲಗೇ ಇದ್ದೆ. ಹಾಸಗ್ಯಾಗ ಹೂಂ ಅಂದೆ."

*

ನಮ್ಮ ಕುರಿ ಕಾಯುವ ಮನೆತನಗಳಲ್ಲಿ ಕಂಬಳಿ ಎಂದರೆ ದೇವರ ಗದ್ದುಗೆ. ಅದರ ಮೇಲೆ ಭಂಡಾರ ಇಟ್ಟು ಆಣೆ ಮಾಡುತ್ತೇವೆ, ಅದರ ಮೇಲೆ ಮದುಮಕ್ಕಳನ್ನು ಕೂಡಿಸುತ್ತೇವೆ. ಎಂಥ ಅವಸರದಲ್ಲೂ ಚಪ್ಪಲಿ ಕಾಲನ್ನು ಅದಕ್ಕೆ ತಾಗಿಸುವುದಿಲ್ಲ. ಪಾಂಡಪ್ಪ ಸಾಯಲೆಂದೇ ಹೋಗಿದ್ದರೂ ಚಪ್ಪಲಿಯನ್ನು ಮಣ್ಣಿನ ಮೇಲೆ ಬಿಡುತ್ತಿದ್ದ. ಆ ಚಪ್ಪಲಿ ಇಟ್ಟದ್ದು ಬೇರೆಯ ಕೈ.

ಇದನ್ನು ಪಿಎಸ್ಐಗೆ ಹೇಳಿದೆ. ಅವನು ನಕ್ಕು, ಸಾಯುವವನು ಶಾಸ್ತ್ರ ನೋಡುತ್ತಾನೆಯೇ ಎಂದ.

ಅವನ ನಗೆ ಅತ್ತ ಇರಲಿ. ಊರ ನಾಲಗೆ ಅದಕ್ಕಿಂತ ಕೆಟ್ಟದ್ದು. ಜೀವ ಕಳೆದುಕೊಂಡವನಿಗೆ ಹನ್ನೊಂದನೆಯ ದಿನ ಬೀರಪ್ಪನ ಭಂಡಾರ ಸಲ್ಲದು ಎಂದು ಗುಡಿಯ ಹಿರಿಯರು ತೀರ್ಮಾನಿಸಿದರು. ಗುಡಿಯ ಕಮಿಟಿಗೆ ಗಿರಮಲ್ಲಪ್ಪನೇ ಅಧ್ಯಕ್ಷ. ಅವನದು ಕುರಿ ಕಾಯುವ ಮನೆತನವಲ್ಲ. ಹೊಸ ಗುಡಿಗೆ ಇಟ್ಟಿಗೆ ಕೊಟ್ಟು ಅಧ್ಯಕ್ಷನಾದವನು. ಹೆಣಕ್ಕೆ ಹೆಗಲು ಕೊಟ್ಟವನು ಅವನೇ, ಪದ್ಧತಿ ಮುರಿಯಲು ನಾವು ಯಾರು ಎಂದು ಕಣ್ಣೊರೆಸಿಕೊಂಡವನೂ ಅವನೇ. ಸಾತವ್ವ ಹಿರಿಯರ ಮುಂದೆ ಸೆರಗೊಡ್ಡಿದಳು. ಅವರು ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಎದ್ದರು. ಗಂಡ ಸತ್ತ ನೋವನ್ನು ಆಕೆ ತಡೆದುಕೊಂಡಾಳು. ಅವನು ದೇವರಿಗೆ ಬೆನ್ನು ತಿರುಗಿಸಿ ಸತ್ತ ಎಂಬ ಮಾತನ್ನು ತಡೆದುಕೊಳ್ಳುವಂತೆ ಕಾಣಲಿಲ್ಲ.

ಹನ್ನೊಂದು ದಿನದೊಳಗೆ ಆ ಕೈ ಯಾರದೆಂದು ನಾನು ತೋರಿಸಬೇಕಿತ್ತು.

ನನ್ನ ಮನಸ್ಸು ನೇರವಾಗಿ ಹೋದದ್ದು ಹಾಲೇಶನ ಕಡೆಗೆ. ಹೋಗದೆ ಏನು ಮಾಡೀತು! ಬಿಳಿಯ ಪ್ಯಾಂಟು, ಮೂತಿ ಚೂಪಾದ ಬೂಟು, ಕರಿಯ ಕನ್ನಡಕ. ಅವನು ಬರುವುದಕ್ಕೆ ಮೊದಲೇ ಅವನ ಅತ್ತರು ಬರುತ್ತಿತ್ತು. ಅಲ್ಲಿ ದೊಡ್ಡ ಕಂಪನಿಯಲ್ಲಿ ಸೂಪರ್‌ವೈಸರ್ ಎಂದು ಹೇಳಿಕೊಳ್ಳುತ್ತಿದ್ದ. ಮಾತೆತ್ತಿದರೆ "ನಮ್ಮಲ್ಲಿ ಹಿಂಗಿಲ್ಲ" ಎನ್ನುತ್ತಿದ್ದ. ಹೊಳೆಯ ನೀರು ಕುಡಿದು ಬೆಳೆದವನು ಈಗ ಬಾಟಲಿಯ ಮುಚ್ಚಳ ಮುರಿಯದೆ ತುಟಿ ಒದ್ದೆ ಮಾಡಿಕೊಳ್ಳುತ್ತಿರಲಿಲ್ಲ. ಹಟ್ಟಿಯ ವಾಸನೆಗೆ ವಾಂತಿ ಬರುತ್ತದೆಂದು ಅಣ್ಣನ ಮನೆಯಲ್ಲಿ ಒಂದು ದಿನವೂ ಮಲಗದೆ ಮುಧೋಳದ ಲಾಡ್ಜಿನಲ್ಲಿ ಇಳಿದುಕೊಂಡ. ಇನ್ನೂರು ಕುರಿ, ನಾಲ್ಕು ಎಮ್ಮೆಗಳ ಮನೆಗೆ ಅವನು ಕಡಲಾಚೆಯಿಂದ ತಂದ ಕಾಣಿಕೆ ಎಂದರೆ ಆರು ಡಬ್ಬಿ ಹಾಲಿನ ಪುಡಿ. ಸಾತವ್ವ ಅದನ್ನು ನಾಯಿಗೆ ಕಲಸಿ ಹಾಕಿದಳು. ನಾಯಿ ಮೂಸಿ ನೋಡಿ ಹೋಯಿತು.

ಕಂಬಳಿಯ ಬೆಲೆ ಮರೆತವನು ನಮ್ಮ ಮನೆತನದಲ್ಲಿ ಇದ್ದರೆ ಇವನೇ ಇರಬೇಕು. ಮೇಲಾಗಿ, ಆ ನಸುಕಿನಲ್ಲಿ ಮುಧೋಳ ಬಿಟ್ಟು ಕದಲಲೇ ಇಲ್ಲ ಎಂದು ಅವನು ಪಿಎಸ್ಐ ಮುಂದೆ ಹೇಳಿದ್ದ. ಹಾಲಿನ ವ್ಯಾನಿನ ಲಗಮಣ್ಣ ಅವನನ್ನು ಐದು ಗಂಟೆಗೆ ಹಿನ್ನೀರಿನ ರಸ್ತೆಯಲ್ಲಿ ಕಂಡಿದ್ದ.

*

ಹತ್ತನೆಯ ದಿನ ಮಧ್ಯಾಹ್ನ ಕಂಬಳಿಯನ್ನು ಚೀಲದಲ್ಲಿಟ್ಟುಕೊಂಡು, ಲೋಕಾಪುರದಲ್ಲಿ ಬಸ್ಸು ಬದಲಿಸಿ ಮುಧೋಳಕ್ಕೆ ಹೋದೆ. ಲಾಡ್ಜು ಬಸ್‌ಸ್ಟ್ಯಾಂಡಿನ ಎದುರಿಗೇ ಇತ್ತು. ಹಾಲೇಶ ಊಟಕ್ಕೆ ಕೆಳಗಿಳಿದಿದ್ದ. ನಾನು ಅವನ ಮಾಮಾ ಎಂದು ಹೇಳಿ ಖೋಲಿಯ ಕೀಲಿ ತೆಗೆಸಿದೆ. ಬಾಗಿಲ ಒಳಗೆ, ಹೊಸ್ತಿಲಿಗೆ ತಾಗಿಸಿ ಕಂಬಳಿಯನ್ನು ಅಡ್ಡಲಾಗಿ ಹಾಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ.

ಬೂಟಿನ ಸಪ್ಪಳ ಮೆಟ್ಟಿಲೇರಿ ಬಂತು. ಈಗ ತುಳಿಯುತ್ತಾನೆ, ಆಗ ಕೊರಳಪಟ್ಟಿ ಹಿಡಿಯುತ್ತೇನೆ ಎಂದು ಕಾಯುತ್ತಿದ್ದೆ.

ಅವನು ಹೊಸ್ತಿಲ ಮೇಲೆ ನಿಂತ. ನನ್ನನ್ನು ನೋಡಲಿಲ್ಲ. ಕಂಬಳಿಯನ್ನೇ ನೋಡಿದ. ಅಲ್ಲೇ ಹೊರಗೆ ಬೂಟು ಕಳಚಿದ. ಬಗ್ಗಿ, ಕಂಬಳಿಯ ಅಂಚನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಅದನ್ನು ಮಡಚಿ, ಮಂಚದ ತಲೆದೆಸೆಗೆ ಇಟ್ಟು, ನೆಲದ ಮೇಲೆ ಕೂತ.

ತಯಾರು ಮಾಡಿಕೊಂಡು ಹೋದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

"ಆ ಮುಂಜಾನಿ ನೀ ಹೊಳಿಗೆ ಹೋಗಿದ್ದಿ," ಎಂದೆ ಕಡೆಗೆ. "ಸುಳ್ಳ ಯಾಕ ಹೇಳಿದಿ?"

"ಖರೆ ಹೇಳಿದ್ರ ಅಣ್ಣ ಯಾಕ ಕರದಿದ್ದ ಅನ್ನೂದೂ ಹೇಳಬೇಕಾಗತಿತ್ತು, ಮಾಮಾ."

"ಹೇಳು."

ಅವನು ಕನ್ನಡಕ ತೆಗೆದ. ಕನ್ನಡಕದ ಹಿಂದೆ ಸೂಪರ್‌ವೈಸರನ ಕಣ್ಣು ಇರಲಿಲ್ಲ. ಬಿಸಿಲಿಗೆ ಸುಟ್ಟು, ಅಂಚು ಕೆಂಪಾದ ಕಣ್ಣು.

"ನಾ ಸೂಪರ್‌ವೈಸರ್ ಅಲ್ರಿ. ಕುರಿ ಕಾದೀನಿ. ಹನ್ನೆರಡು ವರ್ಷ ಮರಳಾಗ ಅರಬನ ಕುರಿನ ಕಾದೀನಿ."

ನಾನು ಅವನ ಬಲಗೈ ಹಿಡಿದು ತಿರುಗಿಸಿದೆ. ಹೆಬ್ಬೆರಳಿನ ಬುಡದಲ್ಲಿ ಉಣ್ಣೆ ಕತ್ತರಿಯ ಗಂಟು. ನಮ್ಮ ಮನೆತನದ ಪ್ರತಿ ಗಂಡಸಿಗೂ ಇರುವ ಗಂಟು. ಹೆಣದ ಮುಂದೆ ಇದೇ ಕೈಯನ್ನು ನಾನು ಹಿಡಿದಿದ್ದೆ. ಅತ್ತರಿನ ವಾಸನೆಗೆ ಮುಖ ತಿರುಗಿಸಿದ್ದೆನೇ ಹೊರತು ಕೈ ನೋಡಿರಲಿಲ್ಲ.

"ಇಲ್ಲಿ ಕುರಿ ಇರಲಿಲ್ಲೇನು?" ಎಂದೆ.

"ಇದ್ದೂರಿ. ಅದಕ್ಕ ಹೇಳಾಕ ನಾಚಿಕಿ ಆತು."

ಮುಂಬಯಿಯ ಏಜೆಂಟು ಡ್ರೈವರ್ ಕೆಲಸವೆಂದು ಕಳಿಸಿದ್ದು, ಇಳಿದ ದಿನವೇ ಅರಬ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡದ್ದು, ನೀರಿನ ಟ್ಯಾಂಕರಿನ ನೆರಳಲ್ಲಿ ಮಲಗಿದ್ದು ಎಲ್ಲವನ್ನೂ ನೆಲ ನೋಡುತ್ತ ಹೇಳಿದ. ಊರೆಲ್ಲ ಬಂಗಾರ ತುಂಬಿದೆ ಎನ್ನುತ್ತಿದ್ದ ದೊಡ್ಡ ಸೂಟ್‌ಕೇಸನ್ನು ಎಳೆದು ತೆರೆದ. ಒಳಗೆ ಎರಡು ಜೊತೆ ಬಟ್ಟೆ, ಕೆಳಗೆ ಒಂದು ಕಂಬಳಿ. 1997ರಲ್ಲಿ ಅವನು ಹೊರಟಾಗ ಪಾಂಡಪ್ಪ ಹೊದಿಸಿ ಕಳಿಸಿದ್ದು. ಬಲೆಯಂತೆ ತೂತುಬಿದ್ದಿತ್ತು, ಮಡಿಕೆಯಲ್ಲಿ ಮಾತ್ರ ಭಂಡಾರದ ಹಳದಿ ಇನ್ನೂ ಉಳಿದಿತ್ತು.

ಹನ್ನೆರಡು ವರ್ಷ ಆ ಕಂಬಳಿಯ ಮೇಲೆ ಮಲಗಿದವನು ಅಣ್ಣನ ಕಂಬಳಿಯ ಮೇಲೆ ಚಪ್ಪಲಿ ಇಡಲಾರ. ನನ್ನ ಲೆಕ್ಕ ತಪ್ಪಿತ್ತು.

ಕೈಯ ಆ ಗಂಟನ್ನು ಕಂಡು ಪಾಂಡಪ್ಪ ತಮ್ಮನನ್ನು ಕರೆಸಿದ್ದ; ಆ ನಸುಕಿನಲ್ಲಿ ಗುಡಿಯ ಕಟ್ಟೆಯ ಮೇಲೆ ಕೂತು ಅವನು ಅಣ್ಣನಿಗೂ ಇದನ್ನೇ ಹೇಳಿದ್ದ. ಪಾಂಡಪ್ಪ ಮೊದಲು ಅತ್ತನಂತೆ, ಆಮೇಲೆ ನಕ್ಕನಂತೆ.

"ಬೂಟ ಕಚ್ಚಿ ಕಾಲಾಗ ಬೊಬ್ಬಿ ಬಂದಿದ್ದೂ. ಅಣ್ಣ ನೋಡಿದ. ತನ್ನ ಚಪ್ಪಲಿ ಬಿಟ್ಟು, ಹಾಕ್ಕೊಳಲೇ ಸಾಹೇಬಾ, ಇವು ನಿನ್ನ ಗುರತ ಹಿಡೀತಾವ ಅಂದ. ಬೂಟ ಕೈಯಾಗ ಹಿಡ್ಕೊಂಡು, ಅವನ ಚಪ್ಪಲಿ ಮೆಟ್ಟಿ ಬಂದೆ. ಮರಿಗಿ ಹಾಲ ಕುಡಸಬೇಕು, ನಾನೂ ಹೊಂಡತೀನಿ ಅಂದ. ಕಂಬಳಿ ಮ್ಯಾಲ ಕುಂತಿದ್ದ, ಮಾಮಾ. ಜೀಂವಂತ ಇದ್ದ."

ಮರಿಯ ಮಾತನ್ನು ಸಾತವ್ವ ಹೇಳಿದ್ದು ನನಗೊಬ್ಬನಿಗೇ; ಇವನು ಅದನ್ನು ಅಣ್ಣನ ಬಾಯಿಂದಲೇ ಕೇಳಿರಬೇಕು.

ಅವನು ಮಂಚದ ಕೆಳಗಿನಿಂದ ಒಂದು ಪೇಪರಿನ ಗಂಟು ತೆಗೆದ. ಅದರಲ್ಲಿ ಪಾಂಡಪ್ಪನ ಚಪ್ಪಲಿ ಇದ್ದುವು. ಎಡಗಾಲಿನ ಉಂಗುಟದ ಬಾರು ಹರಿದು, ಕರಿಯ ಉಣ್ಣೆಯ ದಾರದಿಂದ ಹೊಲಿಗೆ ಬಿದ್ದಿತ್ತು.

ಕಂಬಳಿಯ ಮೇಲೆ ಇದ್ದ ಚಪ್ಪಲಿ ಪಾಂಡಪ್ಪನದೇ ಅಲ್ಲ.

"ಯಾರರ ಕಂಡ್ರೇನು ಅಲ್ಲಿ?"

"ಕಾಣಲಿಲ್ಲ. ರಸ್ತೆ ಮ್ಯಾಲ ಮೋಟಾರ್‌ಸೈಕಲ್ ನಿಂತ ಸಪ್ಪಳ ಕೇಳ್ತು."

ನನ್ನ ಅಂಗಳ ಕಣ್ಣಿಗೆ ಕಟ್ಟಿತು. ಬರಿಗಾಲಿನ ಗಿರಮಲ್ಲಪ್ಪ, ಬರಿಯ ಹಿಮ್ಮಡಿಯಿಂದ ಒದ್ದ ಗಾಡಿ. ಅವನು ನನ್ನ ದೇವರಿಗೆ ಮರ್ಯಾದೆ ಕೊಟ್ಟು ಚಪ್ಪಲಿ ಬಿಟ್ಟಿದ್ದಿದ್ದರೆ ಹೊರಡುವಾಗ ಮೆಟ್ಟಬೇಕಿತ್ತು. ಮುಳ್ಳಿನ ದಂಡೆಯಲ್ಲಿ ಬರಿಗಾಲಿನ ಹೆಣ ಸಿಕ್ಕರೆ ಇವನು ಇಲ್ಲಿಗೆ ಹೇಗೆ ನಡೆದುಬಂದ ಎಂದು ಯಾರಾದರೂ ಕೇಳುತ್ತಿದ್ದರು. ಕೇಳದಿರಲೆಂದು ತನ್ನ ಕಾಲಿನದನ್ನೇ ಕಳಚಿಟ್ಟಿದ್ದ. ಇಡಬಾರದ ಕಡೆ ಇಟ್ಟಿದ್ದ. ಹಳೆಯ ಗುಡಿಯ ಸುತ್ತಲಿನ ಹೂಳುಮಣ್ಣನ್ನು ಭಟ್ಟಿಗೆ ಒಯ್ಯಬಾರದೆಂದು ಪಾಂಡಪ್ಪ ಅವನ ಟ್ರ್ಯಾಕ್ಟರಿಗೆ ಅಡ್ಡ ಮಲಗಿದ್ದು ಕಳೆದ ತಿಂಗಳಷ್ಟೇ.

ಇಷ್ಟನ್ನೂ ಕಾಣಲು ನನಗೆ ಹತ್ತು ದಿನ ಬೇಕಾಯಿತು. ಪಿಎಸ್ಐಗೆ ಹತ್ತು ನಿಮಿಷ ಸಾಕಾಗಿದ್ದಕ್ಕೆ ನಕ್ಕವನು ನಾನು.

"ಲೇ ಹಾಲ್ಯಾ," ಎಂದೆ. "ನಿಮ್ಮಣ್ಣನ ಹೆಸರಿಗೆ ಊರೆಲ್ಲ ಉಗುಳಾಕತ್ತೇತಿ. ನೀ ಕುರಿ ಕಾದದ್ದು ಗೊತ್ತಾದೀತು ಅಂತ ಇಷ್ಟ ದಿನ ಬಾಯಿ ಮುಚಗೊಂಡು ಕುಂತೀಯಲ್ಲ. ಆ ಅರಬ ನಿನಗ ಕೂಲಿ ಹೆಚ್ಚ ಕೊಟ್ಟಾನ."

ಅವನು ಎದ್ದ. ಬೂಟನ್ನು ಲಾಡ್ಜಿನಲ್ಲೇ ಬಿಟ್ಟು, ಬರಿಗಾಲಿನಲ್ಲಿ ನನ್ನ ಹಿಂದೆ ಬಸ್ಸು ಹತ್ತಿದ.

*

ಹನ್ನೊಂದನೆಯ ದಿನ ಮುಂಜಾನೆ ಸಮಾಧಿಯ ಸುತ್ತ ಊರು ಸೇರಿತ್ತು. ನಾನು ಮೊದಲು ಠಾಣೆಗೆ ಹೋಗಿ ಆ ಇನ್ನೊಂದು ಜೊತೆ ಚಪ್ಪಲಿಯನ್ನು ಕೇಳಿದ್ದೆ. ನಿನ್ನೆಯೇ ಕಮಿಟಿ ಅಧ್ಯಕ್ಷರು ಒಯ್ದರು ಎಂದು ಪಿಎಸ್ಐ ಆಕಳಿಸುತ್ತ ಹೇಳಿದ. ಕೈಯಲ್ಲಿದ್ದ ಸಾಕ್ಷಿ ಹೋಯಿತೆಂದುಕೊಂಡು ಬಂದಿದ್ದೆ.

ಗಿರಮಲ್ಲಪ್ಪ ಸಮಾಧಿಯ ಹತ್ತಿರ ನಿಂತಿದ್ದ. ಕಾಲಲ್ಲಿ ಹೊಸ ಚಪ್ಪಲಿ. ಹೆಜ್ಜೆ ಇಟ್ಟಾಗಲೆಲ್ಲ ಕಿರುಗುಟ್ಟುತ್ತಿತ್ತು. ಪಾಂಡಪ್ಪನ ಚಪ್ಪಲಿಯನ್ನು ಠಾಣೆಯಿಂದ ತಾನೇ ಬಿಡಿಸಿ ತಂದು ಹೊಳೆಗೆ ಬಿಟ್ಟದ್ದನ್ನು ಹಿರಿಯರಿಗೆ ವಿವರಿಸುತ್ತಿದ್ದ. ಸತ್ತವರ ಕಾಲಿನದು ಹೆಂಗಸಿನ ಕಣ್ಣಿಗೆ ಬೀಳಬಾರದು ಎಂದ. ಎಲ್ಲರೂ ತಲೆದೂಗಿದರು. ಇಂಥ ಕರುಣೆಯನ್ನು ಕಂಡರೆ ನನಗೆ ಹಾಲಿನ ಪುಡಿಯೇ ವಾಸಿ ಎನಿಸಿತು.

ಅವನ ಮಾತು ಪೂರ್ತಿ ಮುಗಿಯಲು ಬಿಟ್ಟೆ. ಆಮೇಲೆ ಪೇಪರಿನ ಗಂಟು ಬಿಚ್ಚಿ, ಒಂದು ಜೊತೆ ಚಪ್ಪಲಿಯನ್ನು ಸಮಾಧಿಯ ಪಕ್ಕದ ಮಣ್ಣಿನ ಮೇಲೆ ಇಟ್ಟೆ.

ಸಾತವ್ವ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. ಎಡಗಾಲಿನ ಚಪ್ಪಲಿ ಎತ್ತಿ, ಉಣ್ಣೆಯ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದು ಅವರದ. ನಾನ ಹೊಲದೀನಿ, ನನ್ನ ಕದರಿನಾಗ ನಾನ ನೂತ ದಾರ," ಎಂದಳು.

ಹಾಲೇಶ ಬರಿಗಾಲಿನಲ್ಲಿ ಮುಂದೆ ಬಂದ. ತಾನು ಅಲ್ಲಿ ಏನು ಕೆಲಸ ಮಾಡಿದೆ ಎಂಬುದರಿಂದ ಮೊದಲು ಮಾಡಿ, ಅಣ್ಣ ಚಪ್ಪಲಿ ಕೊಟ್ಟು ಕಳಿಸಿದವರೆಗೆ, ಊರ ಮುಂದೆ ಹೇಳಿದ. ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಅವನು ನಿಲ್ಲಿಸಲಿಲ್ಲ.

ಪೂಜಾರಿ ಚನಮಲ್ಲಪ್ಪನಿಗೆ ಎಂಬತ್ತು ದಾಟಿದೆ. ಕಣ್ಣು ಮಂಜು, ಕಿವಿ ಚೂಪು. ಅವನು ಗಿರಮಲ್ಲಪ್ಪನ ಕಡೆಗೆ ಮುಖ ತಿರುಗಿಸಿದ.

"ಹಂಗಾರ ಅಧ್ಯಕ್ಷರ, ನೀವು ಹೊಳಿಗೆ ಬಿಟ್ಟದ್ದು ಯಾರ ಚಪ್ಪಲಿ?"

ಗಿರಮಲ್ಲಪ್ಪನ ಹೊಸ ಚಪ್ಪಲಿ ಒಂದು ಹೆಜ್ಜೆ ಹಿಂದಕ್ಕೆ ಕಿರುಗುಟ್ಟಿತು. ಚನಮಲ್ಲಪ್ಪ ಇನ್ನೊಮ್ಮೆ ಕೇಳಲೂ ಇಲ್ಲ. ಹಿರಿಯರ ಒಪ್ಪಿಗೆ ಕಾಯದೆ ಭಂಡಾರದ ಬಟ್ಟಲಿಗೆ ಕೈ ಹಾಕಿ, ಒಂದು ಹಿಡಿಯನ್ನು ಪಾಂಡಪ್ಪನ ತಲೆದೆಸೆಗೆ ಹಾಕಿದ. ಮಣ್ಣು ಹಳದಿಯಾಯಿತು. ಆಮೇಲೆ ಬಟ್ಟಲನ್ನು ಸಾತವ್ವನ ಮುಂದೆ ಹಿಡಿದ. ಹನ್ನೊಂದು ದಿನದಲ್ಲಿ ಮೊದಲ ಸಲ ಆಕೆಯ ಕಣ್ಣಲ್ಲಿ ನೀರು ಬಂತು. ಒಂದು ಹಿಡಿ ತುಂಬಿಕೊಂಡಳು.

ಆಗ ಗಿರಮಲ್ಲಪ್ಪ ನನ್ನ ಪಕ್ಕಕ್ಕೆ ಬಂದ. ಹಾಲೇಶ ಅವನ ಮೋಟಾರ್‌ಸೈಕಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದ. ಹೋಗಲು ದಾರಿ ಇರಲಿಲ್ಲ. ಗಿರಮಲ್ಲಪ್ಪನ ಮುಖದಲ್ಲಿ ಹೆದರಿಕೆಯನ್ನು ಹುಡುಕಿದೆ. ಇತ್ತು, ಅದರ ಜೊತೆಗೆ ಇನ್ನೇನೋ ಇತ್ತು.

"ಚಪ್ಪಲಿ ನಂದ, ಹವಾಲ್ದಾರ್ರ," ಎಂದ, ಸಾತವ್ವನಿಗೂ ಕೇಳುವಷ್ಟು ಧ್ವನಿಯಲ್ಲಿ. "ಆದ್ರ ಹಾಲೇಶ ಹ್ವಾದ ಮ್ಯಾಲ ದಂಡಿಗೆ ಮೊದಲ ಇಳಿದಾಂವ ನಾ ಅಲ್ಲ. ಆ ಮುಂಜಾನಿ ನಿಮ್ಮ ತಂಗಿ ಮಲಗಿದ್ಲೇನು, ಕೇಳ್ರಿ."

ಸುಳ್ಳುಗಾರರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇವನ ಮುಖಕ್ಕೆ ಉಗುಳಬೇಕೆಂದು ತಂಗಿಯ ಕಡೆ ತಿರುಗಿದೆ. ಆಕೆ ಮಲಗಿದ್ದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಸಾತವ್ವ ತಲೆ ಎತ್ತಲಿಲ್ಲ. ಭಂಡಾರ ತುಂಬಿದ ಆಕೆಯ ಮುಷ್ಟಿ ಸಮಾಧಿಯ ಮೇಲೆ ಹಾಗೆಯೇ ನಿಂತಿತ್ತು. ಬೆರಳ ಸಂದಿಯಿಂದ ಹಳದಿ ಸಣ್ಣಗೆ ಸೋರುತ್ತಿತ್ತು; ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಮಂದಿ ಕಾಯುತ್ತಿದ್ದರು. ನಾನು ಕಣ್ಣು ಮುಚ್ಚಿ ಕೈ ಜೋಡಿಸಿದೆ.

ತಂದೆ ಬೀರಪ್ಪಾ, ಈ ಮಣ್ಣಿನ ಮೇಲೆ ನಿಂತ ನಮ್ಮೊಳಗೆ ಯಾರ ಕೈ ಹೊಲಸಾಗಿದೆ ಎಂಬುದನ್ನು ನಾನು ಹುಡುಕುತ್ತೇನೆ. ಅದು ನನ್ನ ಮನೆಯದೇ ಆದರೂ ಹುಡುಕುತ್ತೇನೆ. ಕೆಳಗೆ ಮಲಗಿದವನಿಗೆ ಆ ಹೊಲಸು ತಾಗದಿರಲಿ. ಮರಿಗೆ ಹಾಲು ಕುಡಿಸಲು ಹೊರಟಿದ್ದ ಜೀವ ಅದು. ಬರಿಗಾಲಲ್ಲಿ ನಿನ್ನ ಹತ್ತಿರ ಬಂದಿದೆ. ದಾರಿಯ ಮುಳ್ಳು ತೆಗೆದು, ನಿನ್ನ ಕಂಬಳಿಯ ಒಂದು ಅಂಚಿನಲ್ಲಿ ಅದಕ್ಕೆ ಜಾಗ ಕೊಡು. ಪಾಂಡಪ್ಪನಿಗೆ ಶಾಂತಿ ಕೊಡು.